ಸ್ಮಾರಕ ಫಲಕ ಮತ್ತು ಸತ್ಯಾಣುವ್ರತ

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಗೊಮ್ಮಟೇಶ್ವರನ ಪಾದಗಳ ಇಕ್ಕೆಲದಲ್ಲಿ, ಹುತ್ತದಂತೆ ಕಡೆದಿರುವ ಬಂಡೆಯ ಮೇಲೆ ಕೆಲವು ಚಿಕ್ಕ ಬರಹಗಳಿವೆ. ಚಾವುಂಡರಾಯನು ಮಾಡಿಸಿದನೆಂಬ ಒಂದೇ ಸಂಗತಿಯನ್ನು ಅವು ಕನ್ನಡ, ತಮಿಳು ಮತ್ತು ಮರಾಠಿ ಭಾಷೆಗಳಲ್ಲಿ ತಿಳಿಸುತ್ತವೆ. ಸುತ್ತಾಲಯವನ್ನು ಗಂಗರಾಜನು ಕಟ್ಟಿಸಿದನೆಂಬ ಮಾತೂ ಅಲ್ಲಿಯೇ ಇದೆ. ಅಂಥ ಮೂರ್ತಿಯನ್ನು ನಿಲ್ಲಿಸಿದವನು ತನ್ನ ಯುದ್ಧಗಳನ್ನೂ ಬಿರುದುಗಳನ್ನೂ ಅಲ್ಲಿ ಕೊರೆಸಬಹುದಾಗಿತ್ತು, ಕೊರೆಸಲಿಲ್ಲ. ನಾನಾ ದೇಶಗಳಿಂದ ಬರುವ ಯಾತ್ರಿಕರಿಗೆ ಅವರವರ ಭಾಷೆಯಲ್ಲಿ ವಿಷಯ ತಿಳಿದರೆ ಸಾಕೆಂಬ ವಿವೇಕ ಅದರಲ್ಲಿ ಕಾಣುತ್ತದೆ.

ಆದರೆ ಆ ಬರಹಗಳಲ್ಲಿ ಕಾಲದ ಉಲ್ಲೇಖವಿಲ್ಲ. ಆದ್ದರಿಂದ ಮೂರ್ತಿ ಯಾವ ವರ್ಷ ಸಿದ್ಧವಾಯಿತೆಂಬುದನ್ನು ಗೊತ್ತುಮಾಡಲು ವಿದ್ವಾಂಸರು ಬೇರೆ ದಾರಿ ಹಿಡಿಯಬೇಕಾಯಿತು. 978ರಲ್ಲಿ ಪೂರ್ಣಗೊಂಡ ಚಾವುಂಡರಾಯ ಪುರಾಣದಲ್ಲಿ ಮೂರ್ತಿಯ ಪ್ರಸ್ತಾಪವೇ ಇಲ್ಲ. 993ರ ರನ್ನನ ಅಜಿತಪುರಾಣದಲ್ಲಿ ಅತ್ತಿಮಬ್ಬೆಯು ಆ ಸ್ವಾಮಿಯ ದರ್ಶನಕ್ಕೆ ಹೋದ ಸಂಗತಿ ಬರುತ್ತದೆ. ಈ ಎರಡು ವರ್ಷಗಳ ನಡುವೆ ಪ್ರತಿಷ್ಠೆ ನಡೆದಿರಬೇಕೆಂಬುದು ಗಟ್ಟಿಯಾದ ಮಾತು. 981 ಎಂದು ಎಣಿಸಿ 1981ರಲ್ಲಿ ಸಹಸ್ರಾಬ್ದಿ ಮಹೋತ್ಸವವನ್ನು ಆಚರಿಸಲಾಯಿತು. 983 ಎನ್ನುವವರೂ ಇದ್ದಾರೆ. ಶಕವರ್ಷವನ್ನು ಕೊರೆಸಿದ್ದರೆ ಈ ಚರ್ಚೆಗೆ ಎಡೆಯೇ ಇರುತ್ತಿರಲಿಲ್ಲ.

ಇದಕ್ಕೆ ಎದುರಾಗಿ ಐಹೊಳೆಯ ಮೇಗುಟಿ ಜಿನಾಲಯವನ್ನು ನೋಡಬಹುದು. ಅದರ ಗೋಡೆಯ ಶಾಸನವನ್ನು ರಚಿಸಿದ ರವಿಕೀರ್ತಿಯು ಶಕವರ್ಷ 556 ಎಂದಷ್ಟೇ ಬರೆದು ನಿಲ್ಲದೆ, ಭಾರತಯುದ್ಧ ನಡೆದು 3735 ವರ್ಷಗಳಾದವೆಂದು ಇನ್ನೊಂದು ಗಣನೆಯನ್ನೂ ಕೊಟ್ಟಿದ್ದಾನೆ. ಕ್ರಿಸ್ತಶಕದ ಲೆಕ್ಕದಲ್ಲಿ ಅದು 634. ತನ್ನ ಹೆಸರನ್ನೂ ಆಶ್ರಯ ಕೊಟ್ಟ ಇಮ್ಮಡಿ ಪುಲಕೇಶಿಯ ಹೆಸರನ್ನೂ ಹೇಳಿದ್ದಾನೆ. ಕಾಳಿದಾಸ ಭಾರವಿಯರನ್ನು ಆತ ನೆನೆದದ್ದರಿಂದ ಆ ಇಬ್ಬರು ಕವಿಗಳೂ 634ಕ್ಕಿಂತ ಹಿಂದಿನವರೆಂದು ಇಡೀ ದೇಶದ ಸಾಹಿತ್ಯ ಚರಿತ್ರೆಗೆ ತಿಳಿದುಬಂತು. ಒಂದು ಬಸದಿಯ ಗೋಡೆಯ ಬರಹ ತನ್ನ ಊರಿನ ಎಲ್ಲೆಯನ್ನು ದಾಟಿ ಎಷ್ಟು ದೂರ ಉಪಕಾರ ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಕಾರ್ಕಳದ ಬಾಹುಬಲಿಯ ಬಳಿಯ ಶಾಸನವೂ ಇದೇ ಜಾತಿಯದು. ಮಾಡಿಸಿದ ಅರಸು ವೀರಪಾಂಡ್ಯ, ಪ್ರೇರಣೆಯಿತ್ತ ಗುರು ಲಲಿತಕೀರ್ತಿ, ಕಾಲ ಶಕ 1353ರ ಫಾಲ್ಗುಣ, ಅಂದರೆ 1432ರ ಫೆಬ್ರವರಿ. ಓದಿದವನಿಗೆ ಮತ್ತೊಂದು ಪ್ರಶ್ನೆ ಉಳಿಯುವುದಿಲ್ಲ.

ಈ ಹಳೆಯ ಮಾತುಗಳನ್ನು ಇಲ್ಲಿ ಎತ್ತಲು ಕಾರಣವುಂಟು. ಊರೂರಿನ ಬಸದಿಗಳ ಮುಂದೆ, ಶತಮಾನ ಕಂಡ ಶಾಲೆಗಳ ಅಂಗಳದಲ್ಲಿ, ವಿದ್ಯಾರ್ಥಿನಿಲಯ, ಧರ್ಮಶಾಲೆ, ಕೆರೆಕಟ್ಟೆಗಳ ಬಳಿ ಇತಿಹಾಸವನ್ನು ತಿಳಿಸುವ ಫಲಕಗಳನ್ನು ನಿಲ್ಲಿಸಬೇಕೆಂಬ ಉತ್ಸಾಹ ಈಗ ಎಲ್ಲೆಡೆ ಕಾಣುತ್ತಿದೆ. ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಕಾರ್ಯ ನಡೆಯುವ ಕ್ರಮ ಹೀಗಿರುತ್ತದೆ: ಜೀರ್ಣೋದ್ಧಾರ ಮುಗಿದು ಪಂಚಕಲ್ಯಾಣದ ದಿನ ಹತ್ತಿರ ಬಂದಾಗ ಕಪ್ಪು ಗ್ರಾನೈಟ್ ಕಲ್ಲಿಗೆ ಬೇಡಿಕೆ ಹೋಗುತ್ತದೆ; ಮೂರು ದಿನದಲ್ಲಿ ಬರಹ ಸಿದ್ಧವಾಗಬೇಕು; ಯಾರೋ ಒಬ್ಬರು ‘ಎರಡು ಸಾವಿರ ವರ್ಷಗಳ ಪ್ರಾಚೀನ’ ಎಂದು ಆರಂಭಿಸಿ, ಉಳಿದ ಜಾಗವನ್ನು ದಾನಿಗಳ ಪಟ್ಟಿಗೆ ಬಿಡುತ್ತಾರೆ. ಎರಡು ಸಾವಿರ ವರ್ಷ ಎಲ್ಲಿಂದ ಬಂತೆಂದು ಕೇಳಿದರೆ ಹಿರಿಯರು ಹೇಳುತ್ತಿದ್ದರೆಂಬ ಉತ್ತರ ಸಿಗುತ್ತದೆ. ಅಂಗಡಿಯ ಲೆಕ್ಕದಲ್ಲಿ ಹತ್ತು ರೂಪಾಯಿಯ ಖರ್ಚಿಗೂ ವೋಚರು ಕೇಳುವ ಸಮಾಜವು ಸಾವಿರ ವರ್ಷಗಳ ಜಮೆಗೆ ಏನೂ ಕೇಳುವುದಿಲ್ಲವೆಂಬುದು ಸೋಜಿಗ.

ಶ್ರಾವಕಾಚಾರವು ಈ ವಿಷಯದಲ್ಲಿ ಮೌನವಾಗಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವೂ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವೂ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖವನ್ನು, ಅಂದರೆ ಸುಳ್ಳು ಬರಹವನ್ನು, ಹೆಸರಿಸಿ ಹೇಳಿವೆ. ನ್ಯಾಸಾಪಹಾರವೂ ಅದೇ ಪಟ್ಟಿಯಲ್ಲಿದೆ. ನಂಬಿ ಇಟ್ಟ ಒತ್ತೆಯನ್ನು ಪೂರ್ತಿಯಾಗಿ ಹಿಂದಿರುಗಿಸದಿರುವುದು ಅದರ ಅರ್ಥ. ಈ ಎರಡನ್ನೂ ವರ್ತಕರಿಗೆ ಮಾತ್ರ ಹೇಳಿದ ಎಚ್ಚರಿಕೆಯೆಂದು ತಿಳಿಯುವ ವಾಡಿಕೆಯಿದೆ. ಕಾಗದದ ಮೇಲಿನ ಸುಳ್ಳು ದೋಷವಾದರೆ ಕಲ್ಲಿನ ಮೇಲಿನದು ಹೇಗೆ ನಿರ್ದೋಷವಾದೀತು? ಪೂರ್ವಿಕರು ಬಿಟ್ಟುಹೋದ ವೃತ್ತಾಂತವೂ ಒಂದು ನ್ಯಾಸವೇ. ಅದಕ್ಕೆ ಸೇರಿಸುವುದು ಕೂಟಲೇಖ, ಅದರಿಂದ ಕಳೆಯುವುದು ಅಪಹಾರ. ಶಾಸನತಜ್ಞರ ಪರಿಭಾಷೆಯಲ್ಲಿಯೂ ಕೂಟಶಾಸನವೆಂಬ ಮಾತು ಬಳಕೆಯಲ್ಲಿದೆ. ಗಂಗರ ತಾಮ್ರಪಟಗಳಲ್ಲಿ ಅನೇಕವನ್ನು ಫ್ಲೀಟ್ ಕೂಟವೆಂದು ತಳ್ಳಿಹಾಕಿದರು. ರೈಸ್ ಅವನ್ನು ಸಮರ್ಥಿಸಿದರು. ವಂಶವನ್ನು ಹಿಂದಕ್ಕೆ ಒಯ್ಯುವ ಆಸೆಯಿಂದಲೋ ಭೂಮಿಯ ಹಕ್ಕಿಗಾಗಿಯೋ ಯಾರೋ ಹುಟ್ಟಿಸಿದ ಕೆಲವು ಪಟಗಳು ನಿಜವಾದವುಗಳ ಮೇಲೂ ಸಂಶಯವನ್ನು ತಂದವು. ಇಂದಿನ ಉಬ್ಬಿಸಿದ ಫಲಕವೂ ಮುಂದೆ ಅದೇ ಕೆಲಸ ಮಾಡುತ್ತದೆ.

ಆದಕಾರಣ ಫಲಕದ ಯೋಜನೆ ಕಲ್ಲಿನಿಂದ ಆರಂಭವಾಗಬಾರದು, ಆಧಾರದಿಂದ ಆರಂಭವಾಗಬೇಕು. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಊರಿನ ಹೆಸರನ್ನು ಹುಡುಕುವುದು ಮೊದಲ ಹೆಜ್ಜೆ. ಅಲ್ಲಿ ಇಲ್ಲವೆಂದ ಮಾತ್ರಕ್ಕೆ ಶಾಸನವೇ ಇಲ್ಲವೆನ್ನಲಾಗದು. 1889ರಲ್ಲಿ ರೈಸ್ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ ಇದ್ದದ್ದು 144 ಶಾಸನಗಳು. 1923ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. 1973ರ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573. ಸಾವಿರಾರು ಯಾತ್ರಿಕರು ನಿತ್ಯವೂ ನಡೆದಾಡುವ ಬೆಟ್ಟದಲ್ಲೇ ಇಷ್ಟು ಬರಹಗಳು ಮೊದಲ ಬಾರಿಗೆ ಕಣ್ಣಿಗೆ ಬೀಳದೆ ಉಳಿದಿದ್ದವು ಎಂದಮೇಲೆ, ಹಳ್ಳಿಯ ಬಸದಿಯ ಸುಣ್ಣದ ಪದರದ ಕೆಳಗೆ, ಬಚ್ಚಲಿನ ಹಾಸುಗಲ್ಲಿನಲ್ಲಿ, ಮೆಟ್ಟಿಲಿನಲ್ಲಿ ಏನಿದೆಯೋ ಹೇಳಬರುವುದಿಲ್ಲ. ಟೈಲ್ಸ್ ಹಾಕುವ ಮೇಸ್ತ್ರಿ ಬರುವ ಮೊದಲು ಶಾಸನ ಓದಬಲ್ಲವರೊಬ್ಬರು ಬಂದು ಹೋಗುವಂತಾದರೆ ಅರ್ಧ ಇತಿಹಾಸ ಉಳಿದಂತೆ. ಪೀಠದ ಲಾಂಛನವನ್ನೂ ಪೀಠದ ಅಂಚಿನ ಬರಹವನ್ನೂ ಮೂರ್ತಿಗೆ ವಜ್ರಲೇಪ ಮಾಡಿಸುವ ಮೊದಲೇ ಛಾಯಾಚಿತ್ರ ತೆಗೆಸಿಡಬೇಕು.

ದೊರೆತ ಆಧಾರಗಳೆಲ್ಲ ಒಂದೇ ತೂಕದವಲ್ಲ. ಶಾಸನ ಹೇಳುವುದು ಬೇರೆ, ನೂರಾರು ವರ್ಷಗಳ ಅನಂತರದ ಗ್ರಂಥ ಹೇಳುವುದು ಬೇರೆ, ಜನರ ಬಾಯಲ್ಲಿರುವುದು ಬೇರೆ. ಮೂರನ್ನೂ ಫಲಕದಲ್ಲಿ ಬರೆಯಬಹುದು. ಯಾವುದು ಯಾವುದೆಂದು ಹೇಳಿ ಬರೆಯಬೇಕು. ಭದ್ರಬಾಹು ಶ್ರುತಕೇವಲಿಗಳೂ ಚಂದ್ರಗುಪ್ತ ಮೌರ್ಯನೂ ಕಟವಪ್ರ ಗಿರಿಗೆ ಬಂದ ವೃತ್ತಾಂತವು ಜೈನರಿಗೆ ಶ್ರದ್ಧೆಯ ವಿಷಯ. ಚಿಕ್ಕಬೆಟ್ಟದ ಸುಮಾರು 600ರ ಶಾಸನವು ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮೊದಲೇ ಅರಿತು ತಿಳಿಸಿದುದನ್ನೂ ಸಂಘವು ದಕ್ಷಿಣಕ್ಕೆ ಬಂದುದನ್ನೂ ಪ್ರಭಾಚಂದ್ರರ ಸಮಾಧಿಯನ್ನೂ ಹೇಳುತ್ತದೆ. ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ದೀರ್ಘವಾದ ವಾದ ನಡೆದಿದೆ. ‘ಪರಂಪರೆಯು ಹೀಗೆ ಹೇಳುತ್ತದೆ, 600ರ ಸುಮಾರಿನ ಶಾಸನದಲ್ಲಿ ಇಷ್ಟು ಇದೆ’ ಎಂದು ಬರೆದರೆ ಶ್ರದ್ಧೆಗೆ ಕುಂದಿಲ್ಲ, ಸತ್ಯಕ್ಕೂ ಊನವಿಲ್ಲ. ಅನೇಕಾಂತವನ್ನು ವೇದಿಕೆಯ ಮೇಲೆ ಕೊಂಡಾಡುವವರಿಗೆ ‘ಪರಂಪರೆಯಂತೆ’ ಎಂಬ ಒಂದು ಪದವನ್ನು ಕಲ್ಲಿನ ಮೇಲೆ ಸೇರಿಸುವುದು ಕಷ್ಟವಾಗಬಾರದು.

ಕೇಳಿದ ಕಥೆಗೂ ಶಾಸನಕ್ಕೂ ನೇರವಾಗಿ ಹೊಂದದ ಸಂದರ್ಭಗಳೂ ಉಂಟು. ವಿಷ್ಣುವರ್ಧನನು ಮತಾಂತರ ಹೊಂದಿದ ಮೇಲೆ ನೂರಾರು ಬಸದಿಗಳನ್ನು ಕೆಡವಿಸಿದನೆಂಬ ಕಥೆ ಸಮಾಜದ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಶಾಸನವು ಹೇಳುವುದು ಬೇರೆ. ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಆ ಬಸದಿಯನ್ನು ರಾಜಧಾನಿಯಲ್ಲಿಯೇ ಕಟ್ಟಿಸಿದನು. ಪ್ರತಿಷ್ಠೆಯ ಶೇಷಾಕ್ಷತೆಗಳನ್ನು ಬಂಕಾಪುರದಲ್ಲಿದ್ದ ಅರಸನಿಗೆ ಒಯ್ದಾಗ ಯುದ್ಧದಲ್ಲಿ ಜಯವೂ ಅರಮನೆಯಲ್ಲಿ ಪುತ್ರೋತ್ಸವವೂ ಕೂಡಿಬಂದಿದ್ದವು. ಆತನು ಸಂತೋಷದಿಂದ ಸ್ವೀಕರಿಸಿ ಜಿನನಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು. ಆತನ ರಾಣಿ ಶಾಂತಲೆಯು 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ್ದಳು. ಅಕ್ಷರವಿದ್ದಲ್ಲಿ ಅಕ್ಷರವನ್ನೇ ನಂಬಬೇಕು. ಕಥೆ ಮನಸ್ಸಿಗೆ ಹಿಡಿಸಿದೆಯೆಂದು ಸತ್ತ ಅರಸನೊಬ್ಬನ ಮೇಲೆ ಅಪವಾದವನ್ನು ಕಲ್ಲಿನಲ್ಲಿ ಕೊರೆಸುವುದು ಹಿಂಸೆಯ ಒಂದು ಬಗೆಯೇ.

ಇದರರ್ಥ ನಡೆದ ಅನ್ಯಾಯವನ್ನು ಮುಚ್ಚಿಡಬೇಕೆಂದಲ್ಲ. ಅನ್ಯಾಯವನ್ನು ಬರೆಯುವ ರೀತಿಗೂ ಬೆಳಗೊಳದಲ್ಲಿ ಮಾದರಿಯಿದೆ. ಭಂಡಾರಿ ಬಸದಿಯಲ್ಲಿರುವ ಶಕ 1290ರ, ಅಂದರೆ 1368ರ ಶಾಸನವನ್ನು ಬುಕ್ಕರಾಯನ ಶಾಸನವೆಂದು ಓದುಗರು ಬಲ್ಲರು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ನಾಡುಗಳ ಜೈನರು ಭಕ್ತರಿಂದ ತಮಗೆ ಅನ್ಯಾಯವಾಗಿದೆಯೆಂದು ದೊರೆಗೆ ಬಿನ್ನವಿಸಿಕೊಂಡರು. ದೊರೆಯು ಶ್ರೀವೈಷ್ಣವ ಪ್ರಮುಖರ ಕೈಯಲ್ಲಿ ಜೈನರ ಕೈಯನ್ನಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು; ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೆ ಮೊದಲಿನಂತೆ ಸಲ್ಲತಕ್ಕದ್ದೆಂದನು. ದೂರು ಇದೆ, ಪರಿಹಾರ ಇದೆ, ನಿಂದೆಯ ಮಾತಿಲ್ಲ. ಶತಮಾನಗಳ ಹಿಂದಿನ ಜಗಳದ ಫಲಕ ನಿಲ್ಲಿಸುವ ಟ್ರಸ್ಟುಗಳು ಈ ಕಲ್ಲನ್ನು ಒಮ್ಮೆ ಓದಿಸಿಕೊಳ್ಳುವುದು ಒಳ್ಳೆಯದು. ಬೇರೊಬ್ಬರ ದೇವಾಲಯದ ಬಾಗಿಲಲ್ಲಿ ‘ಇದು ಮೊದಲು ಬಸದಿಯಾಗಿತ್ತು’ ಎಂದು ಬರೆಸುವ ಆತುರವನ್ನಂತೂ ಬಿಡುವುದೇ ಲೇಸು. ಅಂಥ ಸಂಗತಿಗೆ ಶಾಸನದ ಬಲವಿದ್ದರೆ ಅದಕ್ಕೆ ಗ್ರಂಥದಲ್ಲಿ ಸ್ಥಳವಿದೆ.

ಶಾಲೆಗಳ ವಿಷಯ ಸುಲಭವೆಂದು ಕಾಣುತ್ತದೆ, ಆದರೆ ಅಲ್ಲಿಯೂ ತೊಡಕುಗಳಿವೆ. ಸ್ಥಾಪನೆಯ ವರ್ಷವೆಂದರೆ ಯಾವುದು? ಹಳೆಯ ಮೈಸೂರಿನ ಕೂಲಿಮಠದಲ್ಲಿಯೋ ತುಳುನಾಡಿನ ಐಗಳ ಶಾಲೆಯಲ್ಲಿಯೋ ಬಸದಿಯ ಜಗಲಿಯಲ್ಲಿಯೋ ಮರಳಿನ ಮೇಲೆ ಅಕ್ಷರ ತಿದ್ದಿಸಲು ಆರಂಭಿಸಿದ ವರ್ಷವೇ, ಸರ್ಕಾರದ ಅನುದಾನ ಬಂದ ವರ್ಷವೇ, ಈಗಿನ ಕಟ್ಟಡದ ನೆತ್ತಿಯ ಮೇಲೆ ಸಿಮೆಂಟಿನಲ್ಲಿ ಬರೆದ ವರ್ಷವೇ? ಮೂರೂ ಸರಿಯಾಗಿರಬಹುದು, ಫಲಕದಲ್ಲಿ ಯಾವುದನ್ನು ಹೇಳುತ್ತಿದೆಯೆಂಬುದು ಸ್ಪಷ್ಟವಾಗಿರಬೇಕು. ಇದಕ್ಕೆ ಶಾಲೆಯ ದಾಖಲಾತಿ ಪುಸ್ತಕ, ಇನ್‌ಸ್ಪೆಕ್ಟರರು ಬರೆದಿಟ್ಟ ತನಿಖಾ ಪುಸ್ತಕ, ನಿವೇಶನದ ದಾನಪತ್ರ ಇವು ಶಾಸನಕ್ಕೆ ಸಮಾನ. ಮೊದಲ ಹೆಣ್ಣುಮಗು ಯಾವ ವರ್ಷ ಸೇರಿದಳೆಂಬುದೂ ದಾಖಲಾತಿ ಪುಸ್ತಕದಲ್ಲೇ ಇರುತ್ತದೆ. ಉದ್ಘಾಟನೆ ಮಾಡಿದ ಸಚಿವರ ಹೆಸರಿಗಿಂತ ಆ ಒಂದು ಸಾಲು ಊರಿನವರಿಗೆ ಹೆಚ್ಚು ಬೇಕಾದದ್ದು.

ಯಾರು ಸೇರಲಾಗಲಿಲ್ಲವೆಂಬುದೂ ಇತಿಹಾಸವೇ. 1856ರಲ್ಲಿ ಮಹಾರ್ ಬಾಲಕನೊಬ್ಬನಿಗೆ ಧಾರವಾಡದ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸಲಾಯಿತು. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದುಕೊಂಡನು. ತತ್ತ್ವದಲ್ಲಿ ನ್ಯಾಯ ಅವನ ಕಡೆಗಿದೆಯೆಂದು ಒಪ್ಪಿಯೂ ಸರ್ಕಾರ ಅವನಿಗೆ ಬಾಗಿಲು ತೆರೆಸಲಿಲ್ಲ. ವಿಷಯ ಲಂಡನ್ನಿನ ಕಂಪನಿಯ ನಿರ್ದೇಶಕರವರೆಗೂ ಹೋಗಿ, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ನೀತಿ 1858ರಲ್ಲಿ ಹೊರಬಂತು. ಆಚರಣೆ ಬಹಳ ಹಿಂದೆ ಉಳಿಯಿತು. ಇಂಥ ಸಂಗತಿ ಊರಿನ ಕಡತದಲ್ಲಿ ದೊರೆತರೆ ಶತಮಾನೋತ್ಸವ ಸಮಿತಿಯು ಸಾಮಾನ್ಯವಾಗಿ ಅದನ್ನು ಪಕ್ಕಕ್ಕೆ ಸರಿಸುತ್ತದೆ, ಸಂಭ್ರಮದಲ್ಲಿ ಕಹಿ ಏಕೆಂದು. ದಾನಿಗಳು ಜೈನರಾಗಿದ್ದರೆ ಈ ಹಿಂಜರಿಕೆ ಇನ್ನೂ ಕಡಮೆಯಿರಬೇಕು. ಪ್ರತಿಕ್ರಮಣವನ್ನು ನಿತ್ಯಕರ್ಮವಾಗಿ ಇಟ್ಟುಕೊಂಡ ಧರ್ಮಕ್ಕೆ ನಡೆದುಹೋದ ತಪ್ಪನ್ನು ಹೇಳುವ ಭಾಷೆ ಹೊಸದಲ್ಲ.

ಶಾಲೆಯ ಶಾಸನವೆಂಬುದೂ ನಾಡಿಗೆ ಹೊಸದಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ 945ರ ಕಂಬದ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನು ಕುರಿತದ್ದು. ಶಾಲೆಯು ವೈದಿಕರದು, ಶಾಸನದ ಕ್ರಮವಾದರೋ ಯಾರೂ ಅನುಸರಿಸತಕ್ಕದ್ದು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ದೀಪಕ್ಕೆ ಭೂಮಿ, ಉಪಾಧ್ಯಾಯನಿಗೆ ಭೂಮಿ, ಊರಿನ ಮನೆಗಳಲ್ಲಿ ಮದುವೆಯಾದರೆ ಇಷ್ಟು, ಉಪನಯನವಾದರೆ ಅದರರ್ಧ, ಚೌಲವಾದರೆ ಅದರಲ್ಲಿಯೂ ಅರ್ಧ ಎಂಬ ವಂತಿಗೆ, ಎಲ್ಲವನ್ನೂ ಬಿಡಿಸಿ ಬರೆದಿದೆ. ಶಾಲೆ ಯಾವುದರಿಂದ ನಡೆಯಿತೆಂಬುದು ಅದನ್ನು ಓದಿದರೆ ತಿಳಿಯುತ್ತದೆ. 1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿ ಇಂದು ದಕ್ಷಿಣ ಭಾರತ ಜೈನ ಸಭೆಯೆಂದು ಹೆಸರಾದ ಸಂಸ್ಥೆ ನಡೆಸಿದಂಥ ವಿದ್ಯಾರ್ಥಿನಿಲಯಗಳ ಮುಂದೆ ಕಲ್ಲು ನಿಲ್ಲಿಸುವಾಗಲೂ ಊಟದ ಖರ್ಚು ಯಾವ ಮೂಲದಿಂದ ಬಂತು, ಎಷ್ಟು ಹುಡುಗರು ಉಂಡು ಓದಿದರು ಎಂಬ ಅಂಕಿಗಳನ್ನು ಹಳೆಯ ವರದಿಗಳಿಂದ ತೆಗೆದು ಬರೆಸುವುದು ಯೋಗ್ಯ.

ದಾನಿಗಳ ಹೆಸರಿನ ಪ್ರಶ್ನೆ ಸೂಕ್ಷ್ಮವಾದದ್ದು. ಹೆಸರು ಬೇಡವೆಂದರೆ ಹಣ ಬರುವುದಿಲ್ಲವೆಂದು ವಿಶ್ವಸ್ತರು ಹೇಳುತ್ತಾರೆ, ಅದು ಸುಳ್ಳಲ್ಲ. ಶಾಸನಗಳಲ್ಲಿಯೂ ದಾನಿಗಳ ಹೆಸರು ಇದ್ದೇ ಇದೆ. ಆದರೆ ಅಲ್ಲಿ ಹೆಸರಿನ ಜೊತೆಗೆ ಕೊಟ್ಟದ್ದೇನು, ಯಾವುದಕ್ಕೆ, ಎಂದು ಎಂಬುದೂ ಇದೆ. ಇಂದಿನ ಪಟ್ಟಿಯಲ್ಲಿ ಹೆಸರು ಮಾತ್ರ. ಇತಿಹಾಸದ ಕಲ್ಲು ಒಂದು, ದಾನಿಗಳ ಕಲ್ಲು ಇನ್ನೊಂದು ಎಂದು ಬೇರ್ಪಡಿಸಿ, ಎರಡನೆಯದನ್ನು ಒಳಗಿನ ಮೊಗಸಾಲೆಯಲ್ಲಿ ಇಡಿಸಿದರೆ ಇಬ್ಬರಿಗೂ ಸಮಾಧಾನ. ಲಂಡನ್ನಿನಲ್ಲಿ 1867ರಿಂದ ಮಹನೀಯರ ಮನೆಗಳಿಗೆ ಫಲಕ ಹಾಕುವ ಪದ್ಧತಿಯಿದೆ. ವ್ಯಕ್ತಿ ತೀರಿಕೊಂಡು ಇಪ್ಪತ್ತು ವರ್ಷ ಕಳೆಯದೆ ಅಲ್ಲಿ ಹೆಸರನ್ನು ಪರಿಶೀಲನೆಗೇ ತೆಗೆದುಕೊಳ್ಳುವುದಿಲ್ಲ. ಈ ನಿಯಮವನ್ನು ಹಾಗೆಯೇ ತಂದರೆ ಎಷ್ಟು ಟ್ರಸ್ಟುಗಳ ಸಭೆ ಶಾಂತವಾಗಿ ಮುಗಿಯುವುದೋ ಹೇಳಲಾಗದು!

ಸ್ಥಳ ಮತ್ತು ಕಾನೂನಿನ ಮಾತು ಚಿಕ್ಕದು. ಬಸದಿಯು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದ್ದರೆ 1958ರ ಅಧಿನಿಯಮ ಅನ್ವಯಿಸುತ್ತದೆ. 2010ರ ತಿದ್ದುಪಡಿಯಂತೆ ಸುತ್ತಲಿನ 100 ಮೀಟರು ನಿಷೇಧಿತ, ಅದರಾಚೆಯ 200 ಮೀಟರು ನಿಯಂತ್ರಿತ. ರಾಜ್ಯ ರಕ್ಷಿತವಾದರೆ 1961ರ ಅಧಿನಿಯಮವಿದೆ. ಕಂಬ ನೆಡುವ ಗುಂಡಿ ತೋಡುವ ಮೊದಲೇ ಇಲಾಖೆಗೆ ಬರೆದು ಕೇಳತಕ್ಕದ್ದು. ರಕ್ಷಣೆಯಿಲ್ಲದ ಬಸದಿಗಳಲ್ಲಿ ವಿಶ್ವಸ್ತರೇ ಕಾವಲುಗಾರರು: ಹಳೆಯ ಗೋಡೆಗೆ ಮೊಳೆ ಹೊಡೆಯಬಾರದು, ಹಳೆಯ ಶಾಸನವನ್ನು ಎಣ್ಣೆಬಣ್ಣದಿಂದ ತುಂಬಿಸಬಾರದು, ಅದನ್ನು ಕಿತ್ತು ಅಲಂಕಾರಕ್ಕೆಂದು ಬೇರೆಡೆ ನೆಡಬಾರದು. ಹೊಸ ಕಲ್ಲು ಹಳೆಯದರ ಪಕ್ಕದಲ್ಲಿ, ಕಣ್ಣೆತ್ತರದಲ್ಲಿ, ಹತ್ತು ಹನ್ನೆರಡು ಸಾಲುಗಳನ್ನು ಮೀರದಂತೆ ಇರಲಿ. ಬರಹವನ್ನು ಕೊರೆಯುವ ಮೊದಲು ಕಾಗದದಲ್ಲಿ ಬರೆದು ಬಸದಿಯ ಬಾಗಿಲಿಗೂ ಶಾಲೆಯ ಸೂಚನಾ ಹಲಗೆಗೂ ಒಂದು ತಿಂಗಳು ಅಂಟಿಸಿಟ್ಟರೆ ತಪ್ಪುಗಳು ತಾವಾಗಿಯೇ ಹೊರಬೀಳುತ್ತವೆ. ಊರಿನ ಮುದುಕರಿಗಿಂತ ಒಳ್ಳೆಯ ಲೆಕ್ಕಪರಿಶೋಧಕರಿಲ್ಲ. ಪ್ರತಿ ಸಾಲಿಗೂ ಆಧಾರವೇನೆಂಬುದನ್ನು ಬರೆದ ಒಂದು ಕಡತ ಟ್ರಸ್ಟಿನ ಕಪಾಟಿನಲ್ಲಿ ಇರಬೇಕು.

ಕಲ್ಲಿನ ಕೆಳಭಾಗದಲ್ಲಿ ಒಂದು ಗೇಣು ಜಾಗವನ್ನು ಖಾಲಿ ಬಿಡುವುದೂ ಯೋಜನೆಯ ಭಾಗವಾಗಲಿ. 1368ರ ಆ ಶಾಸನವು ಎಲ್ಲ ಬಸದಿಗಳಲ್ಲಿಯೂ ತನ್ನ ಪ್ರತಿಯನ್ನು ಶ್ರೀವೈಷ್ಣವರೇ ನೆಡತಕ್ಕದ್ದೆಂದು ವಿಧಿಸಿತ್ತು. ಮಾಗಡಿಯ ಕಡೆಯ ಕಲ್ಯದಲ್ಲಿ ಅಂಥ ಇನ್ನೊಂದು ಕಲ್ಲು ಇದೆ. ರಾಜ್ಯದ ಜೈನರು ವರ್ಷಕ್ಕೆ ಮನೆಗೊಂದು ಹಣವನ್ನು ಕೊಡತಕ್ಕದ್ದು, ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಯಿಸತಕ್ಕದ್ದು ಎಂದೂ ಅದರಲ್ಲಿದೆ. ಬರಹ ಅಲ್ಲಿಗೆ ಮುಗಿಯಬೇಕಾಗಿತ್ತು. ಅದರ ಕೊನೆಯಲ್ಲಿ ಮತ್ತೆ ಕೆಲವು ಸಾಲುಗಳು ಸೇರಿವೆ: ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನು, ಎರಡು ಸಮಯದವರೂ ಕೂಡಿ ಆ ಸೆಟ್ಟಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು.